ಪರಂಪರೆ ದಿನ ಮುಗಿದ ಮೇಲೆ ಮಕ್ಕಳ ಮನೆಮಾತು ಎಲ್ಲಿಗೆ ಹೋಗುತ್ತದೆ?

ಹಿನ್ನೀರ ಕನ್ನಡ ಟೀಚರ್ (ಪ್ರೌಢಶಾಲೆ, ಸಾಗರ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ಹದಿನೇಳು ವರ್ಷಗಳಿಂದ ಕನ್ನಡ ಕಲಿಸುತ್ತಿದ್ದೇನೆ. ಇಲ್ಲಿ ಬರೆಯುತ್ತಿರುವುದು ನನ್ನದೇ ತಪ್ಪಿನ ವಿಚಾರವಾದ್ದರಿಂದ ಸ್ವಲ್ಪ ಉದ್ದವಾದರೆ ಕ್ಷಮೆಯಿರಲಿ.

ಕಳೆದ ಮಳೆಗಾಲದಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ‘ನನ್ನ ಊರು’ ಎಂಬ ವಿಷಯದ ಮೇಲೆ ಎರಡು ನಿಮಿಷ ಮಾತನಾಡಲು ಹೇಳಿದ್ದೆ. ಹಂಚಿನ ಮೇಲೆ ಮಳೆ ಬೀಳುವ ಸದ್ದಿಗೆ ಹಿಂದಿನ ಬೆಂಚಿನವರಿಗೆ ಏನೂ ಕೇಳಿಸದೆಂದು ಎಲ್ಲರನ್ನೂ ಮುಂದಕ್ಕೆ ಒತ್ತಾಗಿ ಕೂರಿಸಿದ್ದೆ. ಒಬ್ಬ ಹುಡುಗ ಎದ್ದು ಬಂದು, ಕೈಕಟ್ಟಿ ನಿಂತು, “ನಮ್ಮೂರು ನೀರಡಿಗೆ ಐತೆ” ಎಂದು ಆರಂಭಿಸಿದ. ನಾನು ಅಭ್ಯಾಸಬಲದಿಂದ, “ನೀರಿನ ಅಡಿಯಲ್ಲಿ ಇದೆ ಎನ್ನಬೇಕು” ಎಂದು ತಿದ್ದಿದೆ. ತರಗತಿ ನಕ್ಕಿತು. ಅವನು ವಾಕ್ಯವನ್ನು ನಾನು ಹೇಳಿದಂತೆಯೇ ಒಮ್ಮೆ ಹೇಳಿ, ಹೋಗಿ ಕುಳಿತುಬಿಟ್ಟ. ಎರಡು ನಿಮಿಷದ ಮಾತು ಒಂದು ವಾಕ್ಯಕ್ಕೆ ಮುಗಿಯಿತು. ಆಮೇಲೆ ದಸರಾ ರಜೆಯವರೆಗೂ ಅವನು ನನ್ನ ತರಗತಿಯಲ್ಲಿ ತಾನಾಗಿ ಬಾಯಿ ಬಿಡಲಿಲ್ಲ.

ನವೆಂಬರಿನಲ್ಲಿ ರಾಜ್ಯೋತ್ಸವದ ಜೊತೆಗೆ ನಮ್ಮಲ್ಲಿ ಪರಂಪರೆ ದಿನವನ್ನೂ ಮಾಡುತ್ತೇವೆ. ಅದೇ ಹುಡುಗ ಕಚ್ಚೆ ಕಟ್ಟಿ, ತಲೆಗೆ ರುಮಾಲು ಸುತ್ತಿ ಡೊಳ್ಳು ಬಾರಿಸಿದ. ಬಂದಿದ್ದ ಅತಿಥಿಗಳು ನಮ್ಮ ಮಲೆನಾಡಿನ ಸಂಸ್ಕೃತಿ ಜೀವಂತವಾಗಿದೆ ಎಂದು ಭಾಷಣ ಮಾಡಿದರು. ನಾನೂ ಚಪ್ಪಾಳೆ ತಟ್ಟಿದೆ. ತಟ್ಟುತ್ತಿರುವಾಗಲೇ, ಈ ಮಗುವಿನ ಮೈಮೇಲಿನ ಬಟ್ಟೆಯನ್ನು ಮೆಚ್ಚಿ ಅದರ ಬಾಯಿಯ ಮಾತನ್ನು ನಾಚಿಕೆಯ ವಸ್ತುವನ್ನಾಗಿ ಮಾಡಿದವಳು ನಾನೇ ಅಲ್ಲವೇ ಎಂದು ಅನ್ನಿಸಿ ಕೈ ನಿಂತಿತು.

ಅವನ ಅಜ್ಜನ ಮನೆ ಲಿಂಗನಮಕ್ಕಿಯ ಮುಳುಗಡೆಯಲ್ಲಿ ಹೋಗಿದೆ. 1964ರಲ್ಲಿ ಅಣೆಕಟ್ಟು ಪೂರ್ಣಗೊಂಡಾಗ ಶರಾವತಿ ಕಣಿವೆಯಿಂದ ಎದ್ದ ಕುಟುಂಬಗಳಲ್ಲಿ ಅವರದೂ ಒಂದು. ನಮ್ಮ ಕಡೆಯ ಮಕ್ಕಳಲ್ಲಿ ಅನೇಕರಿಗೆ ಊರು ಎಂದರೆ ಎರಡು: ಈಗ ಇರುವುದು ಒಂದು, ಮನೆಯ ಹಿರಿಯರ ಬಾಯಲ್ಲಿರುವುದು ಇನ್ನೊಂದು. ಅವನು ಹೇಳಹೊರಟಿದ್ದು ಆ ಎರಡನೆಯ ಊರಿನ ಕಥೆಯನ್ನು. ನನಗೆ ಕೇಳಿಸಿದ್ದು ವಿಭಕ್ತಿ ಪ್ರತ್ಯಯ ಮಾತ್ರ.

ಮಕ್ಕಳ ಗುರುತು, ಮನೆತನದ ನೆನಪು, ಮನಸ್ಸಿನ ಸ್ವಾಸ್ಥ್ಯ, ಮುಂದಿನ ಬದುಕು ಇವುಗಳನ್ನು ನಾವು ಬೇರೆಬೇರೆ ಕಾರ್ಯಕ್ರಮಗಳಾಗಿ ನಡೆಸುತ್ತಿದ್ದೇವೆ. ಮಗುವಿನಲ್ಲಿ ಅವು ಒಂದೇ ಕಡೆ ಇರುತ್ತವೆ. ನೀವು ನಿಮ್ಮ ಶಾಲೆಗಳಲ್ಲಿ ಇದನ್ನು ಹೇಗೆ ನಿಭಾಯಿಸುತ್ತೀರಿ? ತಿದ್ದಲೇಬೇಕಾದದ್ದನ್ನು ತಿದ್ದುವ ಬಗೆ ಯಾವುದು?

ನಿವೃತ್ತ ಮುಖ್ಯೋಪಾಧ್ಯಾಯ (ಸೊರಬ)

ಮೇಡಂ, ನಿಮ್ಮ ಆ ಹುಡುಗನ ಜಾಗದಲ್ಲಿ ನಾನೂ ನಿಂತಿದ್ದೆ. ನಮ್ಮದು ದೀವರ ಸಮುದಾಯದ ಮನೆ. ‘ಆತು’, ‘ಹೋತು’ ಎಂದಿದ್ದಕ್ಕೆ ನಮ್ಮ ಮೇಷ್ಟ್ರು ಬೆರಳ ಗಂಟಿಗೆ ಸ್ಕೇಲಿನಿಂದ ಹೊಡೆಯುತ್ತಿದ್ದರು. ಮುಂದೆ ನಾನೇ ಮೇಷ್ಟ್ರಾದಾಗ ಸ್ಕೇಲು ಬಿಟ್ಟೆ. ಆದರೆ ಮುಖ ಸಿಂಡರಿಸುವುದನ್ನು ಬಿಡಲು ಇನ್ನೂ ಹತ್ತು ವರ್ಷ ಬೇಕಾಯಿತು.

ಆದರೂ ಒಂದು ಮಾತು. ಪರಂಪರೆ ಎಂದ ಕೂಡಲೇ ನಾವು ಗೋಡೆಯ ಮೇಲೆ ಬರೆಯುವ ಚಿತ್ತಾರ, ಡೊಳ್ಳು, ದೀಪಾವಳಿಯಲ್ಲಿ ದೀಪ ಹಿಡಿದು ಮನೆಮನೆಗೆ ಹಾಡಿಕೊಂಡು ಹೋಗುವ ಅಂಟಿಗೆ ಪಂಟಿಗೆ, ಭೂಮಿ ಹುಣ್ಣಿಮೆಯ ಬೂಮಣ್ಣಿ ಬುಟ್ಟಿ ಇಷ್ಟನ್ನೇ ಎತ್ತಿಕೊಳ್ಳುತ್ತೇವೆ. ಚಿತ್ತಾರ ಬರೆದ ನಮ್ಮ ಅಜ್ಜಿಯರು ಗೇಣಿದಾರರ ಹೆಂಡಂದಿರು ಎಂಬುದನ್ನು ಮಕ್ಕಳಿಗೆ ಹೇಳುವುದಿಲ್ಲ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಸತ್ಯಾಗ್ರಹ ನಡೆದದ್ದು ಗೇಣಿ ಭತ್ತ ಅಳೆಯುವ ಕೊಳಗದ ಅಳತೆಯ ತಕರಾರಿನಿಂದ. ಒಡೆಯರ ಮನೆಯ ಕೊಳಗ ದೊಡ್ಡದು, ರೈತನ ಲೆಕ್ಕದ ಕೊಳಗ ಚಿಕ್ಕದು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅವರೇ ಬಂದು ಬಂಧನಕ್ಕೊಳಗಾದ ಹೋರಾಟ ಅದು. ಗೇಣಿದಾರರಿಗೆ ಭೂಮಿಯ ಒಡೆತನ ಕೊಟ್ಟ, 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ಇಲ್ಲದಿದ್ದರೆ ನನ್ನಂಥವನು ಮುಖ್ಯೋಪಾಧ್ಯಾಯನ ಕುರ್ಚಿಯಲ್ಲಿ ಕೂರುತ್ತಿರಲಿಲ್ಲ. ನಾನು ಸೇವೆಯಲ್ಲಿದ್ದಾಗ ಒಂದು ಹಳೆಯ ಕೊಳಗವನ್ನು ತರಿಸಿ ತರಗತಿಯ ಮೇಜಿನ ಮೇಲೆ ಇಡುತ್ತಿದ್ದೆ. ಮಕ್ಕಳು ಅದರೊಳಗೆ ಕೈಹಾಕಿ ನೋಡುತ್ತಿದ್ದರು, ಒಬ್ಬಳು ತಲೆಗೆ ಟೋಪಿಯಂತೆ ಹಾಕಿಕೊಂಡಿದ್ದಳು. ಪಾಠ ಅಲ್ಲಿಂದ ಶುರುವಾಗುತ್ತಿತ್ತು.

ನಿಮ್ಮ ಮುಳುಗಡೆ ಮಕ್ಕಳ ಸಂಗತಿ ಇನ್ನೂ ಕಠಿಣ. ಅವರಿಗೆ ಪರಂಪರೆ ಎಂಬುದು ಕಂದಾಯ ದಾಖಲೆಯ ಪ್ರಶ್ನೆಯೂ ಹೌದು. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಪರಿಶಿಷ್ಟ ಪಂಗಡದವರಲ್ಲದ ಪಾರಂಪರಿಕ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮೊದಲಿನ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿ ನೆಲೆಸಿದ್ದನ್ನು ತೋರಿಸಬೇಕು. ಅರವತ್ತರ ದಶಕದಲ್ಲಿ ಮುಳುಗಡೆಯಾಗಿ ಲಾರಿಯಲ್ಲಿ ತಂದು ಇಳಿಸಿದ ಕುಟುಂಬ ಹೊಸ ಜಾಗದಲ್ಲಿ 75 ವರ್ಷವನ್ನು ಎಲ್ಲಿಂದ ತರಬೇಕು? ಮನೆಯಲ್ಲಿ ರಾತ್ರಿಯೆಲ್ಲ ಈ ಮಾತು ನಡೆದು, ಬೆಳಿಗ್ಗೆ ಆ ಮಗು ಶಾಲೆಗೆ ಬಂದು ‘ನನ್ನ ಊರು’ ಎಂದು ಭಾಷಣ ಮಾಡಬೇಕು. ಅವನು ಒಂದೇ ವಾಕ್ಯಕ್ಕೆ ಕುಳಿತದ್ದರಲ್ಲಿ ನಿಮ್ಮ ಪಾಲು ಎಷ್ಟು, ಆ ಮನೆಯ ಚಿಂತೆಯ ಪಾಲು ಎಷ್ಟು ಎಂದು ಬಿಡಿಸಿ ನೋಡಿ. ಪೂರ್ತಿ ಹೊರೆಯನ್ನು ನೀವೇ ಹೊರಬೇಡಿ.

ಸಮಾಜ ವಿಜ್ಞಾನ ಶಿಕ್ಷಕ (ಶಿಕಾರಿಪುರ)

ಇಬ್ಬರ ಮಾತನ್ನೂ ಗೌರವದಿಂದ ಓದಿದೆ. ಆದರೆ ನನ್ನ ಅಭಿಪ್ರಾಯ ಬೇರೆ ಇದೆ.

ಮನೆಮಾತನ್ನು ತಿದ್ದಬೇಡಿ ಎನ್ನುವುದು ಮನೆಯಲ್ಲಿ ಯಾವುದೋ ಒಂದು ಬಗೆಯ ಕನ್ನಡ ಇರುವವರಿಗೆ ಸಲ್ಲುವ ಸೌಕರ್ಯ. ನನ್ನ ಶಾಲೆಗೆ ಬರುವ ಮಕ್ಕಳಲ್ಲಿ ಅರ್ಧದಷ್ಟು ಜನ ತಾಂಡಾದವರು, ಅಂದರೆ ಲಂಬಾಣಿ ಕೇರಿಯವರು. ಅವರ ಮನೆಯಲ್ಲಿ ಅಮ್ಮ ‘ಯಾಡಿ’. ಒಂದನೆಯ ತರಗತಿಯಲ್ಲಿ ‘ಅ’ ಅಕ್ಷರಕ್ಕೆ ‘ಅಮ್ಮ’ ಎಂಬ ಚಿತ್ರ ತೋರಿಸಿದಾಗ ಆ ಮಗುವಿಗೆ ಅಕ್ಷರವೂ ಹೊಸದು, ಪದವೂ ಹೊಸದು. ಅವರಿಗೆ ಪ್ರಮಾಣ ಕನ್ನಡವನ್ನು ಗಟ್ಟಿಯಾಗಿ ಕಲಿಸದೆ ನಾನು ಸುಮ್ಮನಿದ್ದರೆ ಎಸ್ಎಸ್ಎಲ್‌ಸಿಯ 125 ಅಂಕಗಳ ಪ್ರಥಮ ಭಾಷೆಯ ಪತ್ರಿಕೆಯೇ ಅವರನ್ನು ಮನೆಗೆ ಕಳಿಸುತ್ತದೆ. ಕಾಫಿ ಕೊಯ್ಲಿಗೆಂದು ತಂದೆತಾಯಿ ಘಟ್ಟದ ತೋಟಗಳಿಗೆ ಹೋದರೆ ಕೆಲವು ಮಕ್ಕಳು ವಾರಗಟ್ಟಲೆ ಬರುವುದೂ ಇಲ್ಲ. ನನಗೆ ಸಿಗುವ ದಿನಗಳೇ ಕಡಿಮೆ.

ಇನ್ನು ಪರಂಪರೆ. ಒಮ್ಮೆ ‘ನಮ್ಮ ಕುಲಕಸುಬು’ ಎಂಬ ಯೋಜನಾ ಕಾರ್ಯ ಕೊಟ್ಟಿದ್ದೆ. ಸದುದ್ದೇಶದಿಂದಲೇ ಕೊಟ್ಟಿದ್ದು. ಒಬ್ಬ ಹುಡುಗಿ ಮೂರು ದಿನ ಶಾಲೆಗೆ ಬರಲಿಲ್ಲ. ಅವಳ ಅಜ್ಜ ಮಾಡುತ್ತಿದ್ದ ಕೆಲಸವನ್ನು ತರಗತಿಯ ಎದುರು ಓದಿ ಹೇಳಬೇಕಿತ್ತು, ಅದನ್ನು ಹೇಳಿದರೆ ಜಾತಿ ಹೇಳಿದಂತೆ. ಅವಳ ತಂದೆ ಬಂದು, “ಸಾರ್, ಅದರಿಂದ ಬಿಡಿಸಿಕೊಳ್ಳಲಿ ಅಂತಲೇ ಶಾಲೆಗೆ ಕಳಿಸ್ತಿರೋದು” ಎಂದರು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ, ಯೋಜನಾ ಕಾರ್ಯವನ್ನು ಕೈಬಿಟ್ಟೆ. ಆಗಸ್ಟ್ ಹದಿನೈದರ ‘ಲಂಬಾಣಿ ನೃತ್ಯ’ದ ಕಥೆಯೂ ಇದೇ. ತಾಂಡಾದ ಹುಡುಗಿಯರು ಆ ಉಡುಪು ಹಾಕಲು ಒಪ್ಪಲಿಲ್ಲ. ಬೇರೆ ಮನೆಗಳ ಹುಡುಗಿಯರು ಬಾಡಿಗೆಗೆ ತಂದ ಕನ್ನಡಿ ಕುಪ್ಪಸ ತೊಟ್ಟು ಕುಣಿದರು. ಬಹುಮಾನ ನಮ್ಮ ಶಾಲೆಗೇ ಬಂತು.

ನಮ್ಮ ತಾಲ್ಲೂಕಿನ ತಾಳಗುಂದದ ಕಂಬಶಾಸನವನ್ನು ಎಲ್ಲರೂ ಕದಂಬರ ಹೆಮ್ಮೆಯೆಂದು ಕಲಿಸುತ್ತೇವೆ. ಅದು ಮೂಲತಃ ಒಬ್ಬ ವಿದ್ಯಾರ್ಥಿಯ ಕಥೆ ಎಂಬುದನ್ನು ಮರೆಯುತ್ತೇವೆ. ಮಯೂರಶರ್ಮ ಕಂಚಿಯ ಘಟಿಕಾಸ್ಥಾನ ಎಂಬ ವಿದ್ಯಾಕೇಂದ್ರಕ್ಕೆ ಹೋದದ್ದು ಓದಲು. ಅಲ್ಲಿ ಪಲ್ಲವರ ಅಶ್ವಾರೋಹಿಯೊಡನೆ ಜಗಳವಾಗಿ, ಅವಮಾನ ತಾಳಲಾರದೆ, ದರ್ಭೆ ಹಿಡಿಯುತ್ತಿದ್ದ ಕೈಯಲ್ಲಿ ಕತ್ತಿ ಹಿಡಿದ. ಎಲ್ಲ ಮಕ್ಕಳಿಗೂ ರಾಜ್ಯ ಕಟ್ಟಲು ಬರುವುದಿಲ್ಲ. ಹೆಚ್ಚಿನವರು ಹಿಂದಿನ ಬೆಂಚಿಗೆ ಹೋಗಿ ಕೂರುತ್ತಾರೆ.

ಹಿನ್ನೀರ ಕನ್ನಡ ಟೀಚರ್

ಶಿಕಾರಿಪುರದ ಸರ್, ಕುಲಕಸುಬಿನ ಮಾತು ನನ್ನನ್ನು ಎಚ್ಚರಿಸಿತು. ನಾನೂ ಮುಂದಿನ ತಿಂಗಳು ಇಂಥದೇ ಒಂದನ್ನು ಕೊಡುವವಳಿದ್ದೆ. ಮನೆಯ ಯಾವ ಸಂಗತಿಯನ್ನು ತರಗತಿಗೆ ತರಬೇಕು, ಯಾವುದನ್ನು ತರಬಾರದು ಎಂಬ ನಿರ್ಧಾರ ಮಗುವಿನ ಕೈಯಲ್ಲಿರಬೇಕು ಎಂಬಲ್ಲಿಗೆ ಬಂದಿದ್ದೇನೆ. ಪ್ರಮಾಣ ಕನ್ನಡ ಕಲಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಮಗು ಕಥೆ ಹೇಳುತ್ತಿರುವಾಗ ತಿದ್ದಬೇಕೇ, ಬರೆದು ತಂದ ಮೇಲೆ ತಿದ್ದಬೇಕೇ ಎಂಬುದಷ್ಟೇ ನನ್ನ ಪ್ರಶ್ನೆ.

ಆಪ್ತ ಸಮಾಲೋಚಕಿ (ಶಿವಮೊಗ್ಗ ನಗರ)

ಹತ್ತನೆಯ ತರಗತಿ ಮುಗಿಸಿ ನಿಮ್ಮ ಊರುಗಳಿಂದ ನಗರದ ಹಾಸ್ಟೆಲುಗಳಿಗೆ ಬರುವ ಮಕ್ಕಳನ್ನು ನಾನು ನೋಡುತ್ತೇನೆ. ಆದ್ದರಿಂದ ಕಥೆಯ ಮುಂದಿನ ಭಾಗವನ್ನು ಹೇಳಬಲ್ಲೆ.

ಮಕ್ಕಳು ‘ನನಗೆ ಬೇಸರವಾಗಿದೆ’ ಎಂದು ಬರುವುದಿಲ್ಲ. ಹೊಟ್ಟೆನೋವು ಎಂದು ಬರುತ್ತಾರೆ. ಪ್ರಥಮ ಪಿಯುಸಿಯ ಒಬ್ಬ ಹುಡುಗಿಗೆ ಪ್ರತಿ ಭಾನುವಾರ ಸಂಜೆ ಹೊಟ್ಟೆನೋವು ಬರುತ್ತಿತ್ತು. ವೈದ್ಯರು ನೋಡಿ ಏನೂ ಇಲ್ಲವೆಂದರು. ಭಾನುವಾರ ಸಂಜೆಯೇ ಏಕೆ ಎಂದು ವಿಚಾರಿಸಿದರೆ, ಅಂದು ಮನೆಗೆ ಫೋನ್ ಮಾಡುವ ಸರದಿ. ಹಾಸ್ಟೆಲಿನ ಮೊಗಸಾಲೆಯಲ್ಲಿ ಎಲ್ಲರ ಎದುರು ನಿಂತು ಮಾತನಾಡಬೇಕು. ತನ್ನ ಮನೆಯ ಮಾತು ಕೇಳಿ ಜೊತೆಯವರು ಅಣಕಿಸುತ್ತಾರೆ. ಅವಳು ತಾಯಿಯ ಜೊತೆ ಪುಸ್ತಕದ ಕನ್ನಡದಲ್ಲಿ ಮಾತನಾಡಲು ಆರಂಭಿಸಿದ್ದಳು. ತಾಯಿ ಗಾಬರಿಯಾಗಿ, ಮಗಳಿಗೆ ಏನೋ ಆಗಿದೆ ಎಂದು ಬಸ್ಸು ಹತ್ತಿ ಬಂದೇಬಿಟ್ಟರು. ನಾವು ಮಾಡಿದ್ದು ದೊಡ್ಡದೇನಲ್ಲ. ಫೋನನ್ನು ವಾರ್ಡನ್ ಅವರ ಕೋಣೆಯೊಳಕ್ಕೆ ತರಿಸಿ, ಬಾಗಿಲು ಮುಚ್ಚಿಕೊಂಡು ಮಾತನಾಡುವ ವ್ಯವಸ್ಥೆ ಮಾಡಿದೆವು. ಅಣಕಿಸುತ್ತಿದ್ದವರ ಜೊತೆ ಬೇರೆಯಾಗಿ ಕುಳಿತು ಮಾತನಾಡಿದೆವು. ಮೂರನೆಯ ವಾರಕ್ಕೆ ನೋವು ಕಡಿಮೆಯಾಯಿತು.

ಶಿಕ್ಷಕರಿಗೆ ನನ್ನ ಕೋರಿಕೆಯೆಂದರೆ, ಮಾತು ನಿಲ್ಲಿಸಿದ ಮಗುವನ್ನು ‘ಶಿಸ್ತಿನ ಹುಡುಗ’ ಎಂದು ಎಣಿಸಬೇಡಿ. ಮೊದಲು ಮಾತನಾಡುತ್ತಿದ್ದು ಈಗ ನಿಲ್ಲಿಸಿದ್ದರೆ, ಊಟ ಬಿಡುತ್ತಿದ್ದರೆ, ಕಾರಣವಿಲ್ಲದೆ ಗೈರಾಗುತ್ತಿದ್ದರೆ, ಗಮನಿಸಿ ದಿನಾಂಕ ಬರೆದಿಡಿ. ಒಬ್ಬನನ್ನೇ ಸ್ಟಾಫ್‌ರೂಮಿಗೆ ಕರೆಸಿ ಎಲ್ಲರೆದುರು ‘ಏನು ಸಮಸ್ಯೆ’ ಎಂದು ಕೇಳಬೇಡಿ. ಬಿಸಿಯೂಟದ ತಟ್ಟೆ ತೊಳೆಯುವಾಗ, ಗಿಡಕ್ಕೆ ನೀರು ಹಾಕುವಾಗ ಪಕ್ಕದಲ್ಲಿ ನಿಂತು ಮಾತು ತೆಗೆಯಿರಿ. ಬದುಕೇ ಬೇಡ ಎಂಬರ್ಥದ ಮಾತು ಬಂದರೆ ‘ಹಾಗೆಲ್ಲ ಅನ್ನಬಾರದು’ ಎಂದು ಬಾಯಿ ಮುಚ್ಚಿಸದೆ ಕೇಳಿಸಿಕೊಳ್ಳಿ, ಮಗುವನ್ನು ಒಂಟಿಯಾಗಿ ಬಿಡಬೇಡಿ, ಅಂದೇ ಮನೆಯವರಿಗೂ ವೈದ್ಯರಿಗೂ ತಿಳಿಸಿ. ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ 14416 ಹಗಲುರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತನಾಡಬಹುದು, ಶುಲ್ಕವಿಲ್ಲ. ಮಗುವಿನ ಮೇಲೆ ದೌರ್ಜನ್ಯದ ಅನುಮಾನವಿದ್ದರೆ ಮಕ್ಕಳ ಸಹಾಯವಾಣಿ 1098. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕ ಮೇಲೆ ಮುಚ್ಚಿಡುವುದು 2012ರ ಪೋಕ್ಸೊ ಕಾಯ್ದೆಯಡಿ ಅಪರಾಧ. ‘ಊರಿನ ಮರ್ಯಾದೆ’ ಎಂಬ ಮಾತಿಗೆ ಅಲ್ಲಿ ಜಾಗವಿಲ್ಲ.

ಸರ್ ತಾಳಗುಂದ ಹೇಳಿದರು, ಅಲ್ಲಿಗೆ ಹತ್ತಿರದ ಬಳ್ಳಿಗಾವಿಯನ್ನು ನಾನು ಸೇರಿಸುತ್ತೇನೆ. ಕೋಡಿಮಠವನ್ನು ವರ್ಣಿಸುವ 1162ರ ಶಾಸನ ಅದನ್ನು ವೇದ, ವ್ಯಾಕರಣಗಳ ವ್ಯಾಸಂಗದ ಜಾಗವೆಂದು ಹೊಗಳಿ, ಅದೇ ಉಸಿರಿನಲ್ಲಿ ದೀನರಿಗೆ, ಕುಂಟರಿಗೆ, ಕುರುಡರಿಗೆ ಅನ್ನ ಕೊಡುವ, ರೋಗಿಗಳಿಗೆ ಔಷಧ ಕೊಡುವ ಜಾಗವೆಂದೂ ಹೇಳುತ್ತದೆ. ಪಾಠ ಮತ್ತು ಆರೈಕೆ ಒಂದೇ ಸೂರಿನಡಿ ಇರಬೇಕೆಂಬುದು ನಮಗೆ ಸುತ್ತೋಲೆಯಿಂದ ಬಂದ ಹೊಸ ವಿಚಾರವೇನಲ್ಲ.

ಕಿರಿಯ ಪ್ರಾಥಮಿಕ ಶಾಲೆ ಮೇಷ್ಟ್ರು (ತೀರ್ಥಹಳ್ಳಿ ತಾಲ್ಲೂಕು)

ನನ್ನ ಶಾಲೆಯಲ್ಲಿ ಒಟ್ಟು ಹನ್ನೊಂದು ಮಕ್ಕಳು. ಊರಿನವರ ಮಕ್ಕಳು ವ್ಯಾನಿನಲ್ಲಿ ಪೇಟೆಯ ಶಾಲೆಗೆ ಹೋಗುತ್ತಾರೆ. ಉಳಿದವರಲ್ಲಿ ಹೆಚ್ಚಿನವರು ತೋಟದ ಕೆಲಸಕ್ಕೆ ಉತ್ತರ ಕರ್ನಾಟಕದಿಂದಲೂ ಅಸ್ಸಾಮಿನಿಂದಲೂ ಬಂದವರ ಮಕ್ಕಳು. ಮಲೆನಾಡಿನ ಪರಂಪರೆ ಎಂದು ನಾನು ಯಾರಿಗೆ ಹೇಳಲಿ? ಕಳೆದ ದೀಪಾವಳಿಗೆ ಅಂಟಿಗೆ ಪಂಟಿಗೆಯ ದೀಪ ನಮ್ಮ ಶಾಲೆಯ ಪಕ್ಕದ ಮನೆಗೆ ಬಂದಾಗ ಹಾಡಿನ ಸೊಲ್ಲನ್ನು ಹಿಂದಿನಿಂದ ಎತ್ತಿ ಹಾಡುತ್ತಿದ್ದವನು ಅಸ್ಸಾಮಿನ ಕೂಲಿಯವರ ಮಗ. ಅವನಿಗೆ ಅರ್ಥ ಗೊತ್ತಿರಲಿಲ್ಲ, ನನಗೂ ಕೆಲವು ಪದಗಳಿಗೆ ಗೊತ್ತಿಲ್ಲ. ಅವನ ತಾಯಿ ಹಾಡುವ ಹಾಡನ್ನು ನಾನು ಇನ್ನೂ ಕೇಳಿಲ್ಲ ಎಂಬುದು ಈ ಚರ್ಚೆ ಓದುವಾಗ ಹೊಳೆಯಿತು. ಅಷ್ಟೇ ಹೇಳಬೇಕೆನ್ನಿಸಿತು.

ಗಣಿತ ಶಿಕ್ಷಕ (ಹೊಸನಗರ)

ಎಲ್ಲರೂ ಮನಮುಟ್ಟುವಂತೆ ಬರೆದಿದ್ದೀರಿ. ನಾನು ಸ್ವಲ್ಪ ಒರಟಾಗಿ ಹೇಳುತ್ತೇನೆ, ಬೇಸರಿಸಬೇಡಿ. ಮಗುವಿನ ಗುರುತಿಗೆ ಮೊದಲ ಪೆಟ್ಟು ಬೀಳುವುದು ಕಾಗದದಲ್ಲಿ. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಜಾತಿಯ ಹೆಸರು ಒಂದು ರೀತಿ, ತಹಶೀಲ್ದಾರರ ಪ್ರಮಾಣಪತ್ರದಲ್ಲಿ ಇನ್ನೊಂದು ರೀತಿ. ಒಂದೇ ಮನೆಯ ಅಣ್ಣ ದೀವರು, ತಮ್ಮ ಈಡಿಗ. ತಂದೆಯ ಹೆಸರಿನಲ್ಲಿ ಒಂದು ಅಕ್ಷರ ವ್ಯತ್ಯಾಸ. ಇದು ಗೊತ್ತಾಗುವುದು ವಿದ್ಯಾರ್ಥಿವೇತನದ ಅರ್ಜಿಯ ಕೊನೆಯ ದಿನ, ನಾಡಕಚೇರಿಯ ಸರ್ವರ್ ಕೈಕೊಟ್ಟಿರುವಾಗ.

ಎಂಟನೆಯ ತರಗತಿಯಲ್ಲಿ ಬರೆಯುವ ಎನ್ಎಂಎಂಎಸ್ ಎಂಬ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನದ ಪರೀಕ್ಷೆಯನ್ನೇ ನೋಡಿ. ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುಸಿಯವರೆಗೆ ವರ್ಷಕ್ಕೆ 12,000 ರೂಪಾಯಿ. ಅಡಿಕೆ ತೋಟ ಇಲ್ಲದ, ಸುಲಿತದ ಕೂಲಿಯ ಮೇಲೆ ನಡೆಯುವ ಮನೆಗೆ ಅದು ಸಣ್ಣ ಮೊತ್ತವಲ್ಲ. ನಾಲ್ಕು ವರ್ಷಕ್ಕೆ 48,000 ಆಗುತ್ತದೆ. ಅಡಿಕೆ ಸುಲಿತದ ದಿನಗಳಲ್ಲೇ ತಯಾರಿಯೂ ನಡೆಯಬೇಕು. ರಾತ್ರಿ ಹನ್ನೊಂದರವರೆಗೆ ತಾಯಿಯ ಜೊತೆ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕುಳಿತ ಹುಡುಗಿ ಬೆಳಿಗ್ಗೆ ನನ್ನ ತರಗತಿಯಲ್ಲಿ ತೂಕಡಿಸಿದರೆ ನಾನು ಬೈಯುವುದಿಲ್ಲ. ಅವಳ ಬೆರಳುಗಳು ಅಡಿಕೆಯ ಚೊಗರಿನಿಂದ ಕಪ್ಪಾಗಿರುತ್ತವೆ, ಅದನ್ನು ಮರೆಸಲು ಕೈಯನ್ನು ಡೆಸ್ಕಿನ ಕೆಳಗೇ ಇಟ್ಟುಕೊಳ್ಳುತ್ತಾಳೆ. ಆ ಕೈಯನ್ನು ಮೇಲೆ ತರಿಸುವುದು ಹೇಗೆ ಎಂದು ನೀವು ಕೇಳುತ್ತಿರುವುದಾದರೆ ನಾನೂ ನಿಮ್ಮ ಪಕ್ಷ.

ಚಿತ್ತಾರದಿಂದ ನಾನು ಸಮಮಿತಿ ಕಲಿಸುತ್ತೇನೆ, ಪರಂಪರೆ ಉಳಿಸಲೆಂದು ಅಲ್ಲ, ಪುಸ್ತಕದ ಚಿತ್ರಕ್ಕಿಂತ ಅದು ಚೆನ್ನಾಗಿ ಅರ್ಥವಾಗುತ್ತದೆಂದು. ಪುಂಡಿ ನಾರಿನ ಕುಂಚವನ್ನು ಅಕ್ಕಿಯ ಬಿಳಿ ಬಣ್ಣದಲ್ಲಿ ಅದ್ದಿ, ಕೆಮ್ಮಣ್ಣು ಬಳಿದ ಹಲಗೆಯ ಮೇಲೆ ಕೈ ಎತ್ತದೆ ಗೆರೆ ಎಳೆಯುವ ಹುಡುಗಿಗೆ ಸಮಾನಾಂತರ ರೇಖೆ ಎಂದರೇನೆಂದು ನಾನು ಹೇಳಿಕೊಡಬೇಕಾಗಿಲ್ಲ. ಅದಕ್ಕೆ ಆ ಹೆಸರು ಇದೆ ಎಂದಷ್ಟೇ ಹೇಳಬೇಕು. ಆದರೆ ಅವಳು ಚಿತ್ತಾರ ಬರೆಯುತ್ತಲೇ ಇರಬೇಕೆಂದು ನಾವು ಬಯಸಬಾರದು. ಅವಳಿಗೆ ನರ್ಸಿಂಗ್ ಓದಬೇಕಂತೆ.

ನಿವೃತ್ತ ಮುಖ್ಯೋಪಾಧ್ಯಾಯ (ಸೊರಬ)

ಹೊಸನಗರದ ಮೇಷ್ಟ್ರ ಮಾತು ಸರಿ. ಒಂದು ಪುಟ್ಟ ಸಲಹೆ: ಏಳನೆಯ ತರಗತಿಯ ಕೊನೆಯಲ್ಲೇ ಪೋಷಕರನ್ನು ಕರೆದು ಎಲ್ಲ ದಾಖಲೆಗಳನ್ನೂ ಒಂದೇ ಮೇಜಿನ ಮೇಲೆ ಹರಡಿ ತಾಳೆ ನೋಡಿ. ನಾವು ಜೂನ್ ಮಳೆ ಹಿಡಿಯುವ ಮೊದಲು ಮಾಡುತ್ತಿದ್ದೆವು. ಮಳೆ ಹಿಡಿದ ಮೇಲೆ ನಾಟಿಗೆ ಹೋದವರು ಸಿಗುವುದಿಲ್ಲ. ಶಾಲೆಯಲ್ಲಿ ಪ್ರತಿ ಬೆಳಿಗ್ಗೆ ಸಂವಿಧಾನದ ಪೀಠಿಕೆ ಓದಿಸುತ್ತೇವಲ್ಲ, ಅದರ ‘ಅವಕಾಶ ಸಮಾನತೆ’ ಎಂಬ ಪದ ನನಗೆ ಯಾವಾಗಲೂ ಆ ಮೇಜನ್ನೇ ನೆನಪಿಸುತ್ತದೆ.

ಸಮಾಜ ವಿಜ್ಞಾನ ಶಿಕ್ಷಕ (ಶಿಕಾರಿಪುರ)

ಮೇಡಂ ಕೇಳಿದ ‘ಯಾವಾಗ ತಿದ್ದಬೇಕು’ ಎಂಬ ಪ್ರಶ್ನೆಗೆ ನಾನು ಮೊದಲು ನೇರ ಉತ್ತರ ಕೊಡಲಿಲ್ಲ. ಬರೆದ ಮೇಲೆ ತಿದ್ದುವುದೇ ಸರಿ ಎಂದು ಒಪ್ಪುತ್ತೇನೆ. ಆದರೆ ತಾಂಡಾದ ಮಕ್ಕಳಿಗೆ ಮಾತಿನಲ್ಲೂ ಪದ ಒದಗಿಸಬೇಕಾಗುತ್ತದೆ, ಅದನ್ನು ತಿದ್ದುವುದು ಎನ್ನಲಾರೆ. ಈ ವಾರ ಒಂದು ಪ್ರಯೋಗ ಮಾಡಿದೆ: ಕಪ್ಪುಹಲಗೆಯ ಒಂದು ಬದಿಯನ್ನು ಮಕ್ಕಳಿಗೆ ಬಿಟ್ಟೆ, ಅವರ ಲಂಬಾಣಿ ಮಾತಾದ ಗೋರಬೋಲಿಯ ಪದವನ್ನು ಅವರೇ ಕನ್ನಡ ಲಿಪಿಯಲ್ಲಿ ಬರೆಯಬೇಕು, ಎದುರಿಗೆ ನಾನು ಕನ್ನಡ ಪದ ಬರೆಯುತ್ತೇನೆ. ಮೂರನೆಯ ದಿನಕ್ಕೆ ಅವರು ನನ್ನ ಉಚ್ಚಾರಣೆಯನ್ನು ತಿದ್ದತೊಡಗಿದರು. ನಕ್ಕರು ಕೂಡ. ನಾನು ಸಿಟ್ಟಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಸ್ವಲ್ಪ ಹೊತ್ತು ಆಗಿದ್ದೆ.

ಹಿನ್ನೀರ ಕನ್ನಡ ಟೀಚರ್

ಎಲ್ಲರಿಗೂ ಕೃತಜ್ಞತೆಗಳು. ಇಷ್ಟು ದಿನ ಬರೆಯದೆ ಇದ್ದದ್ದಕ್ಕೆ ಕಾರಣ, ಆ ಹುಡುಗನ ಜೊತೆ ಮಾತನಾಡಿ ಆಮೇಲೆ ಬರೆಯೋಣವೆಂದು.

ಸಮಾಲೋಚಕಿಯವರು ಹೇಳಿದಂತೆ ತಟ್ಟೆ ತೊಳೆಯುವ ನಲ್ಲಿಯ ಬಳಿ ಸಿಕ್ಕಿದ. “ಅವತ್ತು ನಿನ್ನ ಮಾತು ಪೂರ್ತಿ ಕೇಳಲಿಲ್ಲ, ನನ್ನದು ತಪ್ಪಾಯಿತು” ಎಂದೆ. ಅವನು ತಟ್ಟೆಯನ್ನೇ ನೋಡುತ್ತ, “ಅಡ್ಡಿಲ್ಲ ಮೇಡಂ” ಎಂದ. ಮಲೆನಾಡಿನ ‘ಅಡ್ಡಿಲ್ಲ’ಕ್ಕೆ ಎಷ್ಟು ಅರ್ಥಗಳಿವೆ ಎಂಬುದು ನಿಮಗೆ ಗೊತ್ತು. ಎರಡು ದಿನ ಬಿಟ್ಟು ಅವನೇ ಬಂದು, ಅಜ್ಜನಿಗೆ ಹಳೆಯ ಊರಿನ ಮನೆಮನೆಯೂ ನೆನಪಿದೆ, ಬರೆದು ತರಲೇ ಎಂದು ಕೇಳಿದ. ಹೇಗೆ ಹೇಳುತ್ತಾರೋ ಹಾಗೆಯೇ ಬರೆ, ಪ್ರಮಾಣ ಕನ್ನಡದ ಪ್ರತಿಯನ್ನು ಆಮೇಲೆ ಇಬ್ಬರೂ ಕೂತು ಮಾಡೋಣ ಎಂದೆ. ತರಗತಿಯಲ್ಲಿ ಓದಬೇಕೋ ಬೇಡವೋ ಅದು ಅವನ ಇಷ್ಟ.

ಅವನು ಬರೆದು ತಂದದ್ದು ಪ್ರಬಂಧವಲ್ಲ, ನಕ್ಷೆ. ಕ್ಯಾಲೆಂಡರಿನ ಹಿಂಬದಿಯಲ್ಲಿ ಹೊಳೆ, ಕೆರೆ, ಹದಿನಾಲ್ಕು ಮನೆ, ಒಂದು ಭೂತನ ಬನ, ಅಡಿಕೆ ತೋಟಕ್ಕೆ ಹೋಗುವ ಸಂಕ, ಅಂದರೆ ಕಾಲುಸೇತುವೆ. ಪ್ರತಿ ಮನೆಯ ಪಕ್ಕದಲ್ಲಿ ಆ ಕುಟುಂಬ ಈಗ ಎಲ್ಲಿದೆ ಎಂದು ಬರೆದಿದ್ದಾನೆ: ಶಿವಮೊಗ್ಗ ತಾಲ್ಲೂಕು, ಹೊಸನಗರ, ಸೊರಬ, ಎರಡು ಮನೆಗಳ ಎದುರು ‘ಗೊತ್ತಿಲ್ಲ’. ತರಗತಿಯ ಇನ್ನಿಬ್ಬರು ಅದನ್ನು ನೋಡಿ ತಮ್ಮ ಮನೆಯಲ್ಲೂ ಕೇಳುತ್ತೇವೆ ಎಂದರು. ಅವರಲ್ಲೊಬ್ಬಳ ಅಜ್ಜನದೂ ಅದೇ ಊರಂತೆ, ಇಷ್ಟು ದಿನ ಒಂದೇ ಬೆಂಚಿನಲ್ಲಿ ಕುಳಿತವರಿಗೆ ಅದು ತಿಳಿದಿರಲಿಲ್ಲ.

2025ರ ಜುಲೈನಲ್ಲಿ ಹಿನ್ನೀರಿನ ಮೇಲೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ಈ ಮಕ್ಕಳು ಲಾಂಚಿನ ಸಮಯಕ್ಕೆ ಕಾಯದೆ ಸಾಗರದ ಕಾಲೇಜಿಗೆ ಹೋಗಿಬರಬಹುದಾಗಿದೆ. ಹತ್ತನೆಯ ತರಗತಿಯ ಹುಡುಗಿಯರ ಮನೆಗಳಲ್ಲಿ ‘ಮುಂದೆ ಓದಿಸುವುದೋ ಬೇಡವೋ’ ಎಂಬ ಮಾತು ಈಗ ‘ಯಾವ ಬಸ್ಸಿಗೆ’ ಎಂಬಲ್ಲಿಗೆ ಬಂದಿದೆ. ಇದರ ಮುಂದೆ ನನ್ನ ಪರಂಪರೆ ದಿನ ಚಿಕ್ಕದು ಎಂಬುದು ನನಗೂ ಗೊತ್ತಿದೆ. ಈ ಸಲ ವೇದಿಕೆಯ ಕಾರ್ಯಕ್ರಮದ ಬದಲು ಮಕ್ಕಳ ಗ್ರಾಮಸಭೆಯಲ್ಲೇ ಆ ನಕ್ಷೆಗಳನ್ನು ಇಡೋಣವೇ ಎಂದು ಮುಖ್ಯೋಪಾಧ್ಯಾಯರನ್ನು ಕೇಳಿದ್ದೇನೆ. ಜಮೀನಿನ ವಿಚಾರ ಎದ್ದರೆ ಗಲಾಟೆಯಾದೀತು ಎಂದು ಅವರಿಗೆ ಅಳುಕು. ಇನ್ನೂ ತೀರ್ಮಾನವಾಗಿಲ್ಲ.

ನಕ್ಷೆಯೂ ಮುಗಿದಿಲ್ಲ. ಸಂಕ ಕೆರೆಯ ಮೇಲ್ಬದಿಗಿತ್ತೋ ಕೆಳಬದಿಗಿತ್ತೋ ಎಂದು ಇಬ್ಬರು ಅಜ್ಜಂದಿರಿಗೂ ಜಗಳ ಬಿದ್ದಿದೆಯಂತೆ. ಹುಡುಗ ಆ ಜಾಗವನ್ನು ಪೆನ್ಸಿಲಿನಲ್ಲಿ ಬಿಟ್ಟಿದ್ದಾನೆ. ಬೇಸಿಗೆಯಲ್ಲಿ ಹಿನ್ನೀರು ಇಳಿದು, ಅದರಲ್ಲಿ ಮುಳುಗಿರುವ ಹಳೆಯ ಮಡೆನೂರು ಅಣೆಕಟ್ಟು ಕಾಣುವ ಹೊತ್ತಿಗೆ ಅವರೂರಿನ ದಿಬ್ಬವೂ ತೇಲುತ್ತದೆಯಂತೆ; ಆಗ ಹೋಗಿ ನೋಡಿ ಇಂಕಿನಲ್ಲಿ ಬರೆಯುತ್ತಾನಂತೆ.